ಎಂಎಲ್‌ಎಚ್1 ತಗ್ಗಿಸಿದರೆ ಪಕ್ಕದ ಜೀನೂ ತಗ್ಗುತ್ತಿದೆ. ಇದು ಆಫ್-ಟಾರ್ಗೆಟ್ಟಾ (ಗುರಿ ತಪ್ಪಿದ ಹೊಡೆತವಾ)?

ಪಿಪೆಟ್‌ರಾಣಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ತಲೆ ಕೆಟ್ಟಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪಿಎಚ್‌ಡಿ ಎರಡನೇ ವರ್ಷ. ಹೀಲಾ ಅನ್ನುವ ಮನುಷ್ಯರ ಕ್ಯಾನ್ಸರ್ ಕೋಶಗಳಲ್ಲಿ ಡಿಎನ್‌ಎ ರಿಪೇರಿಯ ಎಂಎಲ್‌ಎಚ್1 ಜೀನನ್ನು ತಗ್ಗಿಸಿ, 6-ಥಯೋಗ್ವಾನಿನ್ ಅನ್ನುವ ಕೋಶ ಕೊಲ್ಲುವ ಔಷಧ ಕೊಟ್ಟಾಗ ಎಷ್ಟು ಕೋಶ ಬದುಕುತ್ತವೆ ಅಂತ ನೋಡುವುದು ನನ್ನ ಕೆಲಸ. ಡಿಎನ್‌ಎ ಕತ್ತರಿಸುವುದು ಬೇಡ ಅಂತ ಡಿಕ್ಯಾಸ್9-ಕ್ರ್ಯಾಬ್ (ಕತ್ತರಿಸದ ಕ್ಯಾಸ್9ಗೆ ಜೀನ್ ಮುಚ್ಚಿಸುವ ಕ್ರ್ಯಾಬ್ ತುಂಡು ಅಂಟಿಸಿದ್ದು) ತೆಗೆದುಕೊಂಡೆ. ಟ್ರಾನ್ಸ್‌ಕ್ರಿಪ್ಷನ್ (ಜೀನಿನಿಂದ ಆರ್‌ಎನ್‌ಎ ನಕಲು) ಶುರುವಾಗುವ ಜಾಗದ ಹತ್ತಿರವೇ ಗೈಡ್ (ಅದಕ್ಕೆ ಜಾಗ ತೋರಿಸುವ ಆರ್‌ಎನ್‌ಎ) ಇಟ್ಟೆ. ಎಂಎಲ್‌ಎಚ್1 ಚೆನ್ನಾಗಿ ಇಳಿಯಿತು. ಪ್ರೋಟೀನ್ ನೋಡುವ ವೆಸ್ಟರ್ನ್‌ನಲ್ಲಿ ಬ್ಯಾಂಡ್ ಹುಡುಕಬೇಕು, ಅಷ್ಟು.

ಆಮೇಲೆ ಎಲ್ಲ ಜೀನ್‌ಗಳ ಆರ್‌ಎನ್‌ಎ ಅಳೆಯುವ ಆರ್‌ಎನ್‌ಎ-ಸೀಕ್ ಡೇಟಾ ಬಂತು. ಇಳಿದ ಜೀನ್‌ಗಳ ಪಟ್ಟಿಯಲ್ಲಿ ಎಂಎಲ್‌ಎಚ್1ರ ಕೆಳಗೇ ಇಪಿಎಂ2ಎಐಪಿ1 ಅಂತ ಒಂದು. ಈ ಹೆಸರು ನಾನು ಕೇಳಿಯೇ ಇರಲಿಲ್ಲ. ಬೇರೆ ಗೈಡ್ ಹಾಕಿದರೂ ಅದೇ ಕತೆ. ಲ್ಯಾಬ್ ಮೀಟಿಂಗ್‌ನಲ್ಲಿ ತೋರಿಸಿದಾಗ "ಆಫ್-ಟಾರ್ಗೆಟ್ ಇದು, ಒಳ್ಳೆಯ ಗೈಡ್ ಹುಡುಕು" ಅಂದರು. ಆದರೆ ಜೀನೋಮ್ ಬ್ರೌಸರ್ ತೆರೆದು ನೋಡಿದರೆ ಎರಡೂ 3ನೇ ಕ್ರೋಮೋಸೋಮ್‌ನಲ್ಲಿ ಅಕ್ಕಪಕ್ಕ ಇವೆ. ಎಂಎಲ್‌ಎಚ್1ರ ಬಾಣ ಬಲಕ್ಕೆ, ಇಪಿಎಂ2ಎಐಪಿ1ರ ಬಾಣ ಎಡಕ್ಕೆ. ಎರಡೂ ಹೊರಡುವ ಕಡೆ ಸಿಪಿಜಿ ಐಲ್ಯಾಂಡ್ (ಸಿ, ಜಿ ಅಕ್ಷರಗಳು ಒತ್ತಾಗಿರುವ ಡಿಎನ್‌ಎ) ತೋರಿಸುವ ಹಸಿರು ಪಟ್ಟಿ ಒಂದೇ.

ಎರಡು ಜೀನ್‌ಗೆ ಒಂದೇ ಪ್ರೊಮೋಟರ್ (ಜೀನನ್ನು ಶುರು ಮಾಡಿಸುವ ಡಿಎನ್‌ಎ ತುಂಡು) ಇರುತ್ತದಾ? ಇದ್ದರೆ, ಅದು ಎರಡನ್ನೂ ಹೇಗೆ ನಡೆಸುತ್ತದೆ? ಇಪಿಎಂ2ಎಐಪಿ1 ಕೂಡ ಡಿಎನ್‌ಎ ರಿಪೇರಿಗೆ ಸೇರಿದ್ದಾ? ಮುಖ್ಯವಾಗಿ, ಎಂಎಲ್‌ಎಚ್1 ಒಂದನ್ನೇ ತಗ್ಗಿಸಲು ದಾರಿ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.


ಕೋಶಪಾಲಕ:

ಉತ್ತರ ಬೇರೆಯವರು ಕೊಡಲಿ. ನನ್ನದು ಒಂದೇ ಎಚ್ಚರಿಕೆ. ಹೀಲಾದಲ್ಲೇ ಇರಿ. ಟ್ರಾನ್ಸ್‌ಫೆಕ್ಷನ್ (ಕೋಶದೊಳಗೆ ಡಿಎನ್‌ಎ ಹಾಕುವುದು) ಸುಲಭ ಅಂತ ಯಾರಾದರೂ ಹೇಳಿದರು ಅಂತ 293ಟಿ ಕೋಶಕ್ಕೆ ಹೋಗಬೇಡಿ. ಅದರಲ್ಲಿ ಎಂಎಲ್‌ಎಚ್1ರ ಪ್ರೊಮೋಟರ್ ಮೊದಲೇ ಮಿಥೈಲೇಟ್ ಆಗಿ (ಡಿಎನ್‌ಎಗೆ ಮಿಥೈಲ್ ಗುಂಪು ಅಂಟಿಕೊಂಡು) ಮುಚ್ಚಿದೆ. ಇಲ್ಲದ ಪ್ರೋಟೀನನ್ನು ತಗ್ಗಿಸಲು ಹೊರಟ ಹಾಗಾಗುತ್ತದೆ.


ಹಳೇ ಈಸ್ಟು:

ಪಿಪೆಟ್‌ರಾಣಿಯವರೇ, ಇದು ಆಫ್-ಟಾರ್ಗೆಟ್ ಅಲ್ಲ. ನಿಮ್ಮ ಗೈಡ್ ಎಲ್ಲಿ ಕೂರಬೇಕೋ ಅಲ್ಲೇ ಕೂತಿದೆ. ಎಷ್ಟು ಗೈಡ್ ಬದಲಾಯಿಸಿದರೂ ಆ ಹಸಿರು ಪಟ್ಟಿಯೊಳಗೆ ಇಟ್ಟರೆ ಇದೇ ಬರುತ್ತದೆ. ಮುಂದಿನ ಮೀಟಿಂಗ್‌ನಲ್ಲಿ ಬ್ರೌಸರ್ ಚಿತ್ರವನ್ನೇ ಪರದೆ ಮೇಲೆ ಹಾಕಿ. ವಾದ ಮಾಡುವ ಗೋಜೇ ಇರುವುದಿಲ್ಲ.

ಮೊದಲು ಕ್ರ್ಯಾಬ್ ಏನು ಮಾಡುತ್ತದೆ ನೋಡಿ. ಅದು ಕೆಎಪಿ1 ಅನ್ನುವ ಪ್ರೋಟೀನನ್ನು ಕರೆಯುತ್ತದೆ. ಅದರ ಹಿಂದೆ ಎಸ್‌ಇಟಿಡಿಬಿ1 ಬಂದು ಎಚ್3 ಹಿಸ್ಟೋನಿನ 9ನೇ ಲೈಸಿನ್‌ಗೆ ಮೂರು ಮಿಥೈಲ್ ಅಂಟಿಸುತ್ತದೆ. ಸುತ್ತಲಿನ ಕ್ರೊಮ್ಯಾಟಿನ್, ಅಂದರೆ ಹಿಸ್ಟೋನ್ ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ, ಮುಚ್ಚಿಕೊಳ್ಳುತ್ತದೆ. ಗೈಡ್ ಕೂತ 20 ಬೇಸ್‌ಗೆ ಇದು ನಿಲ್ಲುವುದಿಲ್ಲ. ಎರಡೂ ಕಡೆ ನೂರಾರು ಬೇಸ್ ಹರಡುತ್ತದೆ. ಯಾವ ಜೀನಿನ ಬಾಣ ಯಾವ ಕಡೆಗಿದೆ ಅಂತ ಅದಕ್ಕೇನು ಗೊತ್ತು? ಜಾಗ ಮುಚ್ಚಿತು, ಎರಡೂ ನಿಂತವು.

ಇನ್ನು, ಇಂಥ ಜೋಡಿಗಳು ಅಪರೂಪವಾ? ಅಲ್ಲವೇ ಅಲ್ಲ. 2004ರಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಮೈಯರ್ಸ್ ಅವರ ಗುಂಪು ಮನುಷ್ಯರ ಜೀನೋಮ್ ಪೂರ್ತಿ ಜಾಲಾಡಿತು. ಬೆನ್ನಿಗೆ ಬೆನ್ನು ಕೊಟ್ಟು ನಿಂತ, ಶುರುವಾಗುವ ಜಾಗಗಳ ನಡುವೆ 1000 ಬೇಸ್‌ಗಿಂತ ಕಡಿಮೆ ಅಂತರ ಇರುವ ಜೀನ್‌ಗಳನ್ನು ಎಣಿಸಿದರು. ಒಟ್ಟು ಜೀನ್‌ಗಳಲ್ಲಿ 10%ಗೂ ಜಾಸ್ತಿ ಹೀಗೆ ಜೋಡಿಯಾಗಿವೆ. ಸುಮ್ನೆ ಕಾಕತಾಳೀಯ ಆಗಿದ್ದರೆ ಇಷ್ಟೊಂದು ಇರುತ್ತಿರಲಿಲ್ಲ. ಅವರು ನಡುವಿನ ತುಂಡುಗಳನ್ನು ಪ್ಲಾಸ್ಮಿಡ್‌ಗೆ (ಸಣ್ಣ ಡಿಎನ್‌ಎ ಉಂಗುರಕ್ಕೆ) ಸೇರಿಸಿ, ಎರಡೂ ದಿಕ್ಕಿಗೆ ಬೆಳಕು ಬರಿಸುವ ಲೂಸಿಫರೇಸ್ ಜೀನ್ ಇಟ್ಟು ಪರೀಕ್ಷಿಸಿದರು. ಹೆಚ್ಚಿನವು ಎರಡೂ ಕಡೆಗೆ ಕೆಲಸ ಮಾಡಿದವು. ತುಂಡಿನ ಒಂದು ಭಾಗ ಕಿತ್ತರೆ ಎಷ್ಟೋ ಸಲ ಎರಡೂ ಕಡೆಯ ಬೆಳಕು ಇಳಿಯಿತು. ಅಂದರೆ ಆ ಭಾಗ ಎರಡಕ್ಕೂ ಬೇಕಾಗಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದೇ ಪ್ರೊಮೋಟರ್ ಎರಡನ್ನು ಹೇಗೆ ನಡೆಸುತ್ತದೆ ಅಂತ. ಇಲ್ಲೇ ತುಂಬಾ ಜನ ಒಂದು ಸ್ವಿಚ್ಚು, ಎರಡು ಬಲ್ಬು ಅನ್ನುವ ಲೆಕ್ಕದಲ್ಲಿ ಯೋಚಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಒಂದೇ ಕಡೆ ಕೂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓಡುವುದಿಲ್ಲ. ಪ್ರತಿ ದಿಕ್ಕಿಗೂ ತನ್ನದೇ ಶುರುವಾಗುವ ಜಾಗ ಇದೆ. ಅಲ್ಲಿ ಟಿಎಫ್‌ಐಐಡಿ ಮುಂತಾದ ಪ್ರೋಟೀನ್‌ಗಳು, ಪಾಲಿಮರೇಸ್ ಎಲ್ಲ ಬೇರೆ ಬೇರೆಯಾಗಿಯೇ ಬಂದು ಕೂರುತ್ತವೆ. ಅಂದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಕೋರ್ ಪ್ರೊಮೋಟರ್‌ಗಳು. ಹಂಚಿಕೊಂಡಿರುವುದು ಅವುಗಳ ನಡುವಿನ ಬಯಲನ್ನು. ಒಂದೇ ಜಗಲಿಗೆ ಎರಡು ಬಾಗಿಲು ಇಟ್ಟ ಜೋಡಿ ಮನೆ ನೋಡಿದ್ದೀರಲ್ಲ, ಹಾಗೆ. ಬಾಗಿಲು ಬೇರೆ, ಜಗಲಿ ಒಂದೇ.

ಆ ಬಯಲಿನಲ್ಲಿ ನ್ಯೂಕ್ಲಿಯೋಸೋಮ್ (ಡಿಎನ್‌ಎ ಸುತ್ತಿಕೊಂಡ ಹಿಸ್ಟೋನ್ ಉಂಡೆ) ಇರುವುದಿಲ್ಲ. ಡಿಎನ್‌ಎ ಬಿಚ್ಚಿಕೊಂಡಿರುತ್ತದೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು, ಅಂದರೆ ಜೀನನ್ನು ಏರಿಸಿ ಇಳಿಸುವ ಪ್ರೋಟೀನ್‌ಗಳು, ಬಂದು ಕೂರುವುದು ಅಲ್ಲಿಯೇ. ಒಮ್ಮೆ ಕೂತರೆ ಎರಡೂ ಕಡೆಗೆ ಅನುಕೂಲ. ಅದೇ 2004ರ ಲೆಕ್ಕದಲ್ಲಿ ಇಂಥ ಜೋಡಿ ಪ್ರೊಮೋಟರ್‌ಗಳಲ್ಲಿ 77% ಸಿಪಿಜಿ ಐಲ್ಯಾಂಡ್ ಒಳಗಿವೆ. ಉಳಿದ ಪ್ರೊಮೋಟರ್‌ಗಳಲ್ಲಿ ಅದು 38% ಮಾತ್ರ. ದಿಕ್ಕು ತೋರಿಸುವ ಟಾಟಾ ಬಾಕ್ಸ್ ಇವುಗಳಲ್ಲಿ ಬಹಳ ಕಡಿಮೆ. ಜಿಎಬಿಪಿ ಅಂತ ಒಂದು ಫ್ಯಾಕ್ಟರ್ ಇದೆ, ಇಟಿಎಸ್ ಕುಟುಂಬದ್ದು. ಅದು ಈ ಜೋಡಿ ಪ್ರೊಮೋಟರ್‌ಗಳಲ್ಲಿ ಹೆಚ್ಚಿನವುಗಳ ಮೇಲೆ ಕೂರುತ್ತದೆ ಅಂತ 2007ರಲ್ಲಿ ತೋರಿಸಿದರು. ಮಜಾ ಏನೆಂದರೆ, ಒಂದೇ ದಿಕ್ಕಿಗೆ ನಡೆಯುತ್ತಿದ್ದ ಪ್ರೊಮೋಟರ್‌ಗಳಿಗೆ ಜಿಎಬಿಪಿ ಕೂರುವ ಜಾಗ ಸೇರಿಸಿದಾಗ ಎಷ್ಟೋ ಪ್ರೊಮೋಟರ್‌ಗಳು ಎರಡೂ ದಿಕ್ಕಿಗೆ ನಡೆಯತೊಡಗಿದವು. ಎನ್‌ಆರ್‌ಎಫ್1, ವೈವೈ1, ಇ2ಎಫ್ ಇವೂ ಇಲ್ಲಿ ಜಾಸ್ತಿ ಸಿಗುತ್ತವೆ.

ನಿಮ್ಮ ಜೋಡಿಯ ಮೇಲೆಯೇ ಒಂದು ಒಳ್ಳೆಯ ಕೆಲಸ ಆಗಿದೆ, ಓದಲೇಬೇಕು. 2007ರಲ್ಲಿ ಪೀಟರ್ ಜೋನ್ಸ್ ಅವರ ಲ್ಯಾಬ್‌ನಿಂದ ಬಂದದ್ದು. ಎಂಎಲ್‌ಎಚ್1 ನಡೆಯುತ್ತಿರುವ ಕೋಶಗಳಲ್ಲಿ ಶುರುವಾಗುವ ಜಾಗಗಳ ಮೇಲೆ ನ್ಯೂಕ್ಲಿಯೋಸೋಮ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆರ್‌ಕೆಒ ಅನ್ನುವ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಇಡೀ ಐಲ್ಯಾಂಡ್ ಮಿಥೈಲೇಟ್ ಆಗಿದೆ. ಅಲ್ಲಿ ಖಾಲಿ ಇರಬೇಕಾದ ಜಾಗದಲ್ಲಿ ಮೂರು ನ್ಯೂಕ್ಲಿಯೋಸೋಮ್‌ಗಳು ಬಂದು ಕೂತಿವೆ. ಮಿಥೈಲೇಷನ್ ತೆಗೆಯಲು 5-ಅಜಾ-ಡಿಆಕ್ಸಿಸೈಟಿಡಿನ್ ಕೊಟ್ಟರೆ ಅವು ಜಾಗ ಖಾಲಿ ಮಾಡುತ್ತವೆ, ಜೀನ್ ಮತ್ತೆ ನಡೆಯುತ್ತದೆ. ಕ್ಯಾನ್ಸರ್ ಮಿಥೈಲೇಷನ್‌ನಿಂದ ಮಾಡಿದ್ದನ್ನೇ ನೀವು ಕ್ರ್ಯಾಬ್‌ನಿಂದ ಮಾಡಿದ್ದೀರಿ. ದಾರಿ ಬೇರೆ, ಮುಚ್ಚಿದ ಜಾಗ ಅದೇ.

ಇಪಿಎಂ2ಎಐಪಿ1 ರಿಪೇರಿಗೆ ಸೇರಿದ್ದಲ್ಲ. ಅದರ ಪ್ರೋಟೀನು ಲ್ಯಾಫೋರಿನ್ ಜೊತೆ ಕೂಡಿಕೊಳ್ಳುತ್ತದೆ. ಲ್ಯಾಫೋರಿನ್ ಕೆಟ್ಟರೆ ಲ್ಯಾಫೋರಾ ಅನ್ನುವ ಅಪಸ್ಮಾರದ ಕಾಯಿಲೆ ಬರುತ್ತದೆ. ಅದು ಗ್ಲೈಕೋಜನ್ ಕಡೆಯ ವ್ಯವಹಾರ. ತಪ್ಪಾದ ಬೇಸ್ ತಿದ್ದುವ ಎಂಎಲ್‌ಎಚ್1ಗೂ ಅದಕ್ಕೂ ಏನೂ ನೆಂಟಸ್ತಿಕೆ ಇಲ್ಲ. "ಪಕ್ಕದಲ್ಲಿವೆ, ಹಾಗಾಗಿ ಒಂದೇ ಕೆಲಸ ಮಾಡುತ್ತವೆ" ಅನ್ನುವ ಕತೆ ಪಾಠ ಹೇಳುವವರಿಗೆ ಬಹಳ ಇಷ್ಟ. ಕೆಲವು ಜೋಡಿಗಳಿಗೆ ಅದು ನಿಜ ಕೂಡ. ಆದರೆ ಎಷ್ಟೋ ಜೋಡಿಗಳಿಗೆ ಬೇಕಾಗಿದ್ದು ಸದಾ ತೆರೆದಿರುವ ಒಂದು ಜಾಗ, ಅಷ್ಟೇ ಅಂತ ನನ್ನ ಅಭಿಪ್ರಾಯ. ಎಲ್ಲ ಕೋಶದಲ್ಲೂ ಎಲ್ಲ ಹೊತ್ತೂ ನಡೆಯಬೇಕಾದ ಜೀನ್‌ಗೆ ಇನ್ನೇನು ಬೇಕು?

ದಾರಿ ಏನು ಅಂತ ಆಮೇಲೆ ಬರೆಯುತ್ತೇನೆ. ಈಗ ಸೆಂಟ್ರಿಫ್ಯೂಜ್ ನಿಂತಿತು.


ಹೊಸಬ:

ನಾನು ಬಿಎಸ್‌ಸಿ ಹುಡುಗ, ಪೆದ್ದು ಪ್ರಶ್ನೆ ಅನಿಸಿದರೆ ಕ್ಷಮಿಸಿ ಸರ್. ಎರಡು ಜೀನ್‌ಗಳ ಬಾಣ ಒಂದಕ್ಕೊಂದು ಎದುರಾಗಿ ಬಂದರೂ ಹೀಗೇನಾ? ಮತ್ತೆ, ಒಂದೇ ಜಗಲಿ ಅಂದಮೇಲೆ ಎರಡೂ ಪ್ರೋಟೀನು ಸಮಸಮ ಬರಬೇಕು ಅಲ್ವಾ?


ಹಳೇ ಈಸ್ಟು:

ಪೆದ್ದು ಪ್ರಶ್ನೆ ಏನಲ್ಲಪ್ಪ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಬಾಣಗಳು ಎದುರಾದರೆ ಅಲ್ಲಿ ಸೇರುವುದು ಜೀನ್‌ಗಳ ಕೊನೆಗಳು. ಪ್ರೊಮೋಟರ್‌ಗಳು ದೂರದ ಆಚೆ ತುದಿಗಳಲ್ಲಿರುತ್ತವೆ. ಅದು ಬೇರೆ ವಿಷಯ, ಇಲ್ಲಿ ಬೇಡ.

ಎರಡನೆಯದು ಒಳ್ಳೆಯ ಪ್ರಶ್ನೆ. ನಾನು ಈಸ್ಟ್ ಬೆಳೆಸಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವನು. ಆದ್ದರಿಂದ ಈಸ್ಟ್‌ನಿಂದಲೇ ಹೇಳುತ್ತೇನೆ.

ಈಸ್ಟ್‌ನ 2ನೇ ಕ್ರೋಮೋಸೋಮ್‌ನಲ್ಲಿ ಗ್ಯಾಲ್1, ಗ್ಯಾಲ್10 ಅಂತ ಎರಡು ಜೀನ್. ಗ್ಯಾಲಕ್ಟೋಸ್ ಸಕ್ಕರೆಯನ್ನು ಅರಗಿಸಿಕೊಳ್ಳಲು ಎರಡೂ ಬೇಕು. ಗ್ಯಾಲ್1 ಆ ಸಕ್ಕರೆಗೆ ಫಾಸ್ಫೇಟ್ ಅಂಟಿಸುವ ಕಿಣ್ವ, ಗ್ಯಾಲ್10 ಎಪಿಮರೇಸ್. ಎರಡೂ ಬೆನ್ನಿಗೆ ಬೆನ್ನು ಕೊಟ್ಟಿವೆ. ನಡುವೆ ಸುಮಾರು 670 ಬೇಸ್. ಅದರೊಳಗೆ ಗ್ಯಾಲ್4 ಅನ್ನುವ ಪ್ರೋಟೀನು ಕೂರಲು ನಾಲ್ಕು ಜಾಗ, ಒಂದೊಂದೂ 17 ಬೇಸ್‌ನದು. 1984ರಲ್ಲಿ ಮಾರ್ಕ್ ಜಾನ್‌ಸ್ಟನ್ ಮತ್ತು ರೊನಾಲ್ಡ್ ಡೇವಿಸ್ ಈ ನಡುವಿನ ತುಂಡನ್ನು ಕೆದಕಿ, ಯಾವ ಭಾಗ ಏನು ಮಾಡುತ್ತದೆ ಅಂತ ವಿವರವಾಗಿ ಬರೆದರು. ಜೋಡಿ ಪ್ರೊಮೋಟರ್ ಅಂದರೆ ನನ್ನ ತಲೆಮಾರಿನವರಿಗೆ ಮೊದಲು ನೆನಪಾಗುವುದು ಇದೇ.

ಪ್ರಯೋಗ ಹೇಗೆ ಅಂದರೆ, ರಾತ್ರಿಯೆಲ್ಲ ರಾಫಿನೋಸ್ ಹಾಕಿ ಬೆಳೆಸುತ್ತೇವೆ. ಆಗ ಗ್ಯಾಲ್4 ಡಿಎನ್‌ಎ ಮೇಲೆ ಕೂತಿರುತ್ತದೆ, ಆದರೆ ಗ್ಯಾಲ್80 ಅದನ್ನು ಅಮುಕಿ ಹಿಡಿದಿರುತ್ತದೆ. ಬೆಳಿಗ್ಗೆ 2% ಗ್ಯಾಲಕ್ಟೋಸ್ ಸುರಿಯುತ್ತೇವೆ. ಗ್ಯಾಲ್3 ಆ ಸಕ್ಕರೆಯನ್ನು ಹಿಡಿದುಕೊಂಡು ಗ್ಯಾಲ್80ಯನ್ನು ಎಳೆದುಬಿಡುತ್ತದೆ. ಎರಡೂ ಜೀನ್ ಒಟ್ಟಿಗೆ ಏಳುತ್ತವೆ. ಫ್ಲಾಸ್ಕ್‌ನಲ್ಲಿ ಗ್ಲೂಕೋಸ್ ಉಳಿದಿತ್ತು ಅಂದರೆ ಮುಗಿಯಿತು, ಎಷ್ಟು ಕಾದರೂ ಏಳುವುದಿಲ್ಲ. ಮಿಗ್1 ಬಂದು ತಡೆಯುತ್ತದೆ. ಹಾಗಾಗಿ ಹೊಸ ವಿದ್ಯಾರ್ಥಿ "ಸರ್, ಪ್ರೋಟೀನೇ ಬಂದಿಲ್ಲ" ಅಂತ ಬಂದರೆ ನಾನು ಮೊದಲು ಕೇಳುವುದು, ಹಳೆಯ ಮೀಡಿಯಾ ಚೆನ್ನಾಗಿ ತೊಳೆದೆಯಾ ಅಂತ.

ಇದೇ 670 ಬೇಸ್ ತುಂಡನ್ನು ಪಿಇಎಸ್‌ಸಿ ಅನ್ನುವ ಪ್ಲಾಸ್ಮಿಡ್‌ಗಳಲ್ಲಿ ಹಾಕಿ ಮಾರುತ್ತಾರೆ. ಗ್ಯಾಲ್10 ಕಡೆಗೆ ಒಂದು ಜೀನ್, ಅದಕ್ಕೆ ಗುರುತಿಗಾಗಿ ಫ್ಲ್ಯಾಗ್ ಬಾಲ. ಗ್ಯಾಲ್1 ಕಡೆಗೆ ಇನ್ನೊಂದು ಜೀನ್, ಅದಕ್ಕೆ ಮಿಕ್ ಬಾಲ. ಎರಡು ಪ್ರೋಟೀನು ಅಂಟಿಕೊಳ್ಳುತ್ತವಾ ಅಂತ ನೋಡುವವರಿಗೆ ಬಹಳ ಅನುಕೂಲ. ಎರಡೂ ಒಟ್ಟಿಗೆ ಬರುತ್ತವೆ, ಆದರೆ ಸಮಸಮ ಬರಲೇಬೇಕು ಅಂತ ಏನಿಲ್ಲ. ಒಂದರ ಆರ್‌ಎನ್‌ಎ ಬೇಗ ಕರಗುತ್ತದೆ, ಇನ್ನೊಂದರ ಪ್ರೋಟೀನು ಜಾಸ್ತಿ ಹೊತ್ತು ಉಳಿಯುತ್ತದೆ. ಕೋರ್ ಪ್ರೊಮೋಟರ್‌ಗಳ ಶಕ್ತಿಯೂ ಬೇರೆ ಬೇರೆ. ಒಟ್ಟಿಗೆ ಏಳುವುದು ಬೇರೆ, ಸಮನಾಗಿ ಏಳುವುದು ಬೇರೆ.

ಮನುಷ್ಯರಲ್ಲಿ ಇದಕ್ಕೆ ಚೆಂದದ ಉದಾಹರಣೆ 4ನೇ ಬಗೆಯ ಕೊಲಾಜನ್. ರಕ್ತನಾಳ, ಕಿಡ್ನಿ ಎಲ್ಲದರಲ್ಲೂ ಕೋಶಗಳ ಕೆಳಗೆ ಹಾಸಿಕೊಂಡಿರುವ ತೆಳು ಪದರದಲ್ಲಿ ಇರುವುದು ಇದೇ. ಸಿಒಎಲ್4ಎ1, ಸಿಒಎಲ್4ಎ2 ಎರಡೂ 13ನೇ ಕ್ರೋಮೋಸೋಮ್‌ನಲ್ಲಿ ಬೆನ್ನಿಗೆ ಬೆನ್ನು ಕೊಟ್ಟಿವೆ. ನಡುವೆ ಬರೀ 130 ಬೇಸ್ ಆಸುಪಾಸು. ಆದರೆ ಆ ಕೊಲಾಜನ್ ಹೆಣೆಯುವಾಗ ಎ1ರ ಎಳೆ ಎರಡು ಬೇಕು, ಎ2ರದು ಒಂದು. ಜಗಲಿ ಒಂದೇ ಆದರೂ ಬೇಕಾದ ಲೆಕ್ಕ ಬೇರೆ. ಆ ಸಣ್ಣ ತುಂಡು ಒಂದನ್ನೇ ತೆಗೆದು ಪರೀಕ್ಷಿಸಿದರೆ ಅದರ ಶಕ್ತಿ ಬಹಳ ಕಡಿಮೆ. ಪ್ರತಿ ಜೀನಿನ ಒಳಗೆ ಇರುವ ಬೇರೆ ತುಂಡುಗಳೂ ಸೇರಿ ಅದನ್ನು ಏರಿಸಬೇಕು, ಇಳಿಸಬೇಕು. ಇದೇ ಕುಟುಂಬದ ಎ3-ಎ4 ಜೋಡಿ 2ನೇ ಕ್ರೋಮೋಸೋಮ್‌ನಲ್ಲಿ, ಎ5-ಎ6 ಜೋಡಿ ಎಕ್ಸ್‌ನಲ್ಲಿ. ಮೂರು ಜೋಡಿಯೂ ಹೀಗೇ ನಿಂತಿವೆ! ಎಕ್ಸ್‌ನಲ್ಲಿ ಎ5, ಎ6 ಎರಡರ ಶುರುವಿನ ಭಾಗವೂ ಒಟ್ಟಿಗೆ ಕಳೆದುಹೋದರೆ ಕಿಡ್ನಿಯ ಆಲ್ಪೋರ್ಟ್ ಕಾಯಿಲೆಯ ಜೊತೆಗೆ ಅನ್ನನಾಳ ಮುಂತಾದ ಕಡೆ ನಯ ಸ್ನಾಯುವಿನ ಗಡ್ಡೆಗಳೂ ಬರುತ್ತವೆ.


ಕಂದುನೀಲಿ:

ನಾನು ಪೆಥಾಲಜಿಯವಳು. ಕರುಳಿನ ಕ್ಯಾನ್ಸರ್‌ನ ಸ್ಲೈಡುಗಳು ನಮ್ಮ ಮೇಜಿಗೆ ದಿನಾ ಬರುತ್ತವೆ. ಈ ಜೋಡಿಯ ಇನ್ನೊಂದು ಮುಖ ಹೇಳುತ್ತೇನೆ.

ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಅಂತ ನಾಲ್ಕು ಪ್ರೋಟೀನಿಗೆ ಬಣ್ಣ ಹಾಕುತ್ತೇವೆ. ಪ್ರೋಟೀನು ಇದ್ದರೆ ಕೋಶದ ನ್ಯೂಕ್ಲಿಯಸ್ ಕಂದು, ಇಲ್ಲದಿದ್ದರೆ ಬರೀ ನೀಲಿ. ಎಂಎಲ್‌ಎಚ್1 ಹೋದ ಸ್ಲೈಡಿನಲ್ಲಿ ಗಡ್ಡೆಯ ಗ್ರಂಥಿಗಳೆಲ್ಲ ನೀಲಿ. ಆದರೆ ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡ ಲಿಂಫೊಸೈಟ್‌ಗಳು ಕಡು ಕಂದು ಚುಕ್ಕೆಗಳ ಹಾಗೆ ಕಾಣುತ್ತವೆ. ಆ ಚುಕ್ಕೆ ಕಂಡರೆ ಸಮಾಧಾನ, ಬಣ್ಣ ಸರಿಯಾಗಿ ಹಿಡಿದಿದೆ ಅಂತ ಅರ್ಥ. ಅವೂ ನೀಲಿ ಇದ್ದರೆ ಸ್ಲೈಡನ್ನೇ ಮತ್ತೆ ಮಾಡಬೇಕು. ಎಂಎಲ್‌ಎಚ್1 ಹೋದರೆ ಪಿಎಂಎಸ್2 ಕೂಡ ಹೋಗುತ್ತದೆ. ಇದಕ್ಕೂ ಪ್ರೊಮೋಟರ್‌ಗೂ ಸಂಬಂಧ ಇಲ್ಲ. ಜೊತೆಗಾರ ಇಲ್ಲದೆ ಆ ಪ್ರೋಟೀನು ನಿಲ್ಲುವುದಿಲ್ಲ, ಅಷ್ಟೇ.

ಈಗ ಎಂಎಲ್‌ಎಚ್1 ಯಾಕೆ ಹೋಯಿತು? ಎರಡು ದಾರಿ ಇವೆ. ಒಂದು, ಹುಟ್ಟಿನಿಂದಲೇ ಜೀನಿನಲ್ಲಿ ತಪ್ಪು. ಅದು ಲಿಂಚ್ ಸಿಂಡ್ರೋಮ್. ಮನೆಯವರನ್ನೂ ಪರೀಕ್ಷೆಗೆ ಕರೆಸಬೇಕಾಗುತ್ತದೆ. ಇನ್ನೊಂದು, ವಯಸ್ಸಾದ ಮೇಲೆ ಗಡ್ಡೆಯಲ್ಲಿ ಮಾತ್ರ ಪ್ರೊಮೋಟರ್ ಮಿಥೈಲೇಟ್ ಆಗುವುದು. ಇದೇ ಜಾಸ್ತಿ ಕಾಣುವುದು. ಅದಕ್ಕೇ ಎಂಎಲ್‌ಎಚ್1 ಹೋಗಿದ್ದರೆ ಬಿಆರ್‌ಎಎಫ್ ಜೀನಿನಲ್ಲಿ ವಿ600ಇ ಅನ್ನುವ ಬದಲಾವಣೆ ಇದೆಯಾ ನೋಡುತ್ತೇವೆ, ಇಲ್ಲವೇ ಮಿಥೈಲೇಷನ್ ಪರೀಕ್ಷೆಗೆ ಕಳಿಸುತ್ತೇವೆ. ವಿ600ಇ ಸಿಕ್ಕಿದರೆ ಲಿಂಚ್ ಇರುವ ಸಾಧ್ಯತೆ ಬಹಳ ಕಡಿಮೆ.

ಜೋಡಿಯ ವಿಷಯ ಇಲ್ಲಿ ಬರುತ್ತದೆ. ಜೀನಿನ ಒಳಗೆ ತಪ್ಪು ಇದ್ದರೆ ಇಪಿಎಂ2ಎಐಪಿ1ಗೆ ಏನೂ ಆಗುವುದಿಲ್ಲ. ಇಡೀ ಐಲ್ಯಾಂಡ್ ಮಿಥೈಲೇಟ್ ಆದರೆ ಎರಡೂ ಮೌನ. ಆದರೆ ಐಲ್ಯಾಂಡ್‌ನ ಎಲ್ಲ ಭಾಗಕ್ಕೂ ಒಂದೇ ತೂಕ ಇಲ್ಲ. 1999ರಲ್ಲೇ ತೋರಿಸಿದ್ದಾರೆ, ಎಂಎಲ್‌ಎಚ್1ಗೆ ಹತ್ತಿರದ ಒಂದು ಸಣ್ಣ ತುಂಡು ಮಿಥೈಲೇಟ್ ಆಗಿದ್ದರೆ ಆ ಜೀನ್ ಖಂಡಿತ ನಿಂತಿರುತ್ತದೆ ಅಂತ. ದೂರದ ತುದಿ ಮಾತ್ರ ಆಗಿದ್ದರೆ ಎಂಎಲ್‌ಎಚ್1 ಇನ್ನೂ ನಡೆಯುತ್ತಿರಬಹುದು. ಹಾಗಾಗಿ ಪರೀಕ್ಷೆಯ ಪ್ರೈಮರ್ (ನೋಡಬೇಕಾದ ತುಂಡನ್ನು ಹಿಡಿಯುವ ಸಣ್ಣ ಡಿಎನ್‌ಎ) ಎಲ್ಲಿ ಕೂರುತ್ತದೆ ಅನ್ನುವುದು ಮುಖ್ಯ. ಬರೀ "ಮಿಥೈಲೇಟೆಡ್" ಅಂತ ಒಂದೇ ಪದ ಬರೆದ ವರದಿ ಬಂದರೆ ನನಗೆ ಕಿರಿಕಿರಿ. ಯಾವ ತುಂಡು ಮಾರಾಯ್ರೆ?

ಮೂರನೆಯದೂ ಒಂದಿದೆ, ಅಪರೂಪ. ಗಡ್ಡೆಯಲ್ಲಿ ಮಾತ್ರ ಅಲ್ಲ, ರಕ್ತದಲ್ಲೂ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಿಥೈಲೇಟ್ ಆಗಿರುತ್ತದೆ. 2011ರಲ್ಲಿ ಅಂಥ ಒಂದು ಕುಟುಂಬದಲ್ಲಿ ಕಾರಣ ಸಿಕ್ಕಿತು. ಪ್ರೋಟೀನ್ ಶುರುವಾಗುವ ಅಕ್ಷರಕ್ಕೆ 27 ಬೇಸ್ ಮುಂಚೆ ಸಿ ಇರಬೇಕಾದ ಕಡೆ ಎ ಇತ್ತು. ಆ ಎ ಇರುವ ಜೀನ್ ಪ್ರತಿಯು ಮಕ್ಕಳಿಗೆ ಹೋದರೆ ಮೌನವೂ ಜೊತೆಗೆ ಹೋಗುತ್ತಿತ್ತು. ಒಂದು ಬೇಸ್!


ಪಿಪೆಟ್‌ರಾಣಿ:

ಅಬ್ಬಾ, ಎಲ್ಲರಿಗೂ ಥ್ಯಾಂಕ್ಸ್. ಕಂದುನೀಲಿ ಅಕ್ಕ, ಆ ಲಿಂಫೊಸೈಟ್ ವಿಷಯ ನನಗೆ ಗೊತ್ತೇ ಇರಲಿಲ್ಲ.

ಒಂದು ಅನುಮಾನ ಮಾತ್ರ ಉಳಿದಿದೆ. ಬಯಲು ತೆರೆದರೆ ಎರಡೂ ಕಡೆ ಪಾಲಿಮರೇಸ್ ಕೂರುತ್ತದೆ ಅಂದಿರಿ. ಹಾಗಾದರೆ ಪಕ್ಕದಲ್ಲಿ ಜೀನೇ ಇಲ್ಲದ ಪ್ರೊಮೋಟರ್‌ಗಳಲ್ಲಿ ಹಿಂದಕ್ಕೆ ಏನೂ ಓಡುವುದಿಲ್ಲವಾ?


ಹಳೇ ಈಸ್ಟು:

ಓಡುತ್ತದೆ! 2008ರ ಕೊನೆಯಲ್ಲಿ ಒಂದೇ ಸಲಕ್ಕೆ ಬೇರೆ ಬೇರೆ ಗುಂಪುಗಳು ಇದನ್ನೇ ವರದಿ ಮಾಡಿದವು. ಮನುಷ್ಯ, ಇಲಿ ಎರಡರಲ್ಲೂ ನಡೆಯುತ್ತಿರುವ ಎಷ್ಟೋ ಪ್ರೊಮೋಟರ್‌ಗಳಲ್ಲಿ ಪಾಲಿಮರೇಸ್ ಹಿಂದಕ್ಕೂ ಹೊರಡುತ್ತದೆ. ಆದರೆ ಆ ಕಡೆಯ ಆರ್‌ಎನ್‌ಎ ಚಿಕ್ಕದು. ಹುಟ್ಟಿದ ಕೂಡಲೇ ಎಕ್ಸೋಸೋಮ್ ಅದನ್ನು ಕತ್ತರಿಸಿ ಹಾಕುತ್ತದೆ. ಅದಕ್ಕೇ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಕ್ಸೋಸೋಮ್ ತಗ್ಗಿಸಿದಾಗ ಎದ್ದು ಕಂಡಿತು. ಮರುವರ್ಷ ಈಸ್ಟ್‌ನಲ್ಲೂ ಇದೇ ಸಿಕ್ಕಿತು, ನನಗೆ ಸ್ವಲ್ಪ ಹೆಮ್ಮೆ.

ಮುಂದಕ್ಕೆ ಹೊರಟದ್ದು ಉದ್ದ ಹೋಗಿ, ಹಿಂದಕ್ಕೆ ಹೊರಟದ್ದು ಯಾಕೆ ಬೇಗ ನಿಲ್ಲುತ್ತದೆ? 2013ರಲ್ಲಿ ಫಿಲಿಪ್ ಶಾರ್ಪ್ ಅವರ ಗುಂಪು ಇಲಿಯ ಕಾಂಡಕೋಶಗಳಲ್ಲಿ ಉತ್ತರ ಕೊಟ್ಟಿತು. ಆರ್‌ಎನ್‌ಎಯನ್ನು "ಇಲ್ಲಿ ಕತ್ತರಿಸು, ಬಾಲ ಅಂಟಿಸು" ಅನ್ನುವ ಗುರುತುಗಳು ಎರಡೂ ಕಡೆ ಇರುತ್ತವೆ. ಹಿಂದಿನ ಕಡೆಗೆ ಅವು ಹತ್ತಿರದಲ್ಲೇ ಜಾಸ್ತಿ ಸಿಗುತ್ತವೆ. ಜೀನಿನ ಕಡೆಗೆ ಯು1 ಎಂಬ ಸ್ಪ್ಲೈಸಿಂಗ್ ಕಣ ಬಂದು ಕೂರುವ ಜಾಗಗಳು ಜಾಸ್ತಿ. ಯು1 ಕೂತಿದ್ದರೆ ಕತ್ತರಿಸುವವರು ಹತ್ತಿರ ಬರುವುದಿಲ್ಲ. ಅಂದರೆ ಪ್ರೊಮೋಟರ್ ಎರಡು ಕಡೆಗೂ ಕಳಿಸುತ್ತದೆ. ಯಾರು ದೂರ ಹೋಗಬೇಕು ಅನ್ನುವುದು ದಾರಿಯಲ್ಲಿ ತೀರ್ಮಾನ ಆಗುತ್ತದೆ. ಬಿಆರ್‌ಸಿಎ1 ನೋಡಿ. ಅದರ ಹಿಂದೆ ಸುಮಾರು 200 ಬೇಸ್ ಆಚೆಗೆ ಎನ್‌ಬಿಆರ್2 ಶುರುವಾಗುತ್ತದೆ. ಪ್ರೋಟೀನು ಮಾಡದ ಜೀನ್ ಅದು. ಇಂಥವನ್ನು ನೋಡಿದರೆ ಜೋಡಿ ಪ್ರೊಮೋಟರ್, ಸಾಧಾರಣ ಪ್ರೊಮೋಟರ್ ಅಂತ ಗೆರೆ ಎಳೆಯುವುದೇ ಕಷ್ಟ.

ಎರಡೂ ಯಾವಾಗಲೂ ಒಟ್ಟಿಗೇ ಏಳುತ್ತವೆ ಅಂತಲೂ ತಿಳಿಯಬೇಡಿ. ಹೆಚ್ಚಿನ ಜೋಡಿಗಳು ಹಾಗೆ. ಆದರೆ ಒಂದು ಏರಿದಾಗ ಇನ್ನೊಂದು ಇಳಿಯುವ ಜೋಡಿಗಳೂ 2004ರ ಪಟ್ಟಿಯಲ್ಲೇ ಇವೆ.

ಈಗ ದಾರಿ. ಐಲ್ಯಾಂಡ್ ಒಳಗೆ ಗೈಡ್ ಇಡುವುದನ್ನು ಬಿಡಿ. ಆರ್‌ಎನ್‌ಎ ಮಟ್ಟದಲ್ಲಿ ಹೊಡೆಯುವುದು ಸುಲಭ. ಎಂಎಲ್‌ಎಚ್1ಗೆ ಎಸ್‌ಐಆರ್‌ಎನ್‌ಎ ಅಥವಾ ಎಸ್‌ಎಚ್‌ಆರ್‌ಎನ್‌ಎ (ಜೀನಿನ ಆರ್‌ಎನ್‌ಎಯನ್ನೇ ನಾಶ ಮಾಡಿಸುವ ಸಣ್ಣ ಆರ್‌ಎನ್‌ಎಗಳು) ಹಾಕಿ. ಅದು ಪ್ರೊಮೋಟರ್ ಮುಟ್ಟುವುದೇ ಇಲ್ಲ. ಪೂರ್ತಿ ಹೋಗಬೇಕು ಅಂದರೆ ಕತ್ತರಿಸುವ ಕ್ಯಾಸ್9 ತೆಗೆದುಕೊಂಡು ಜೀನಿನ ಒಳಗೆ ಹೋಗಿ. 1ನೇ ಎಕ್ಸಾನ್ (ಅಂತಿಮ ಆರ್‌ಎನ್‌ಎಯಲ್ಲಿ ಉಳಿಯುವ ತುಂಡು) ಬೇಡ, ಅದು ಐಲ್ಯಾಂಡ್‌ನಲ್ಲೇ ಬರುತ್ತದೆ. ಮುಂದಿನ ಯಾವುದಾದರೂ ಎಕ್ಸಾನ್ ನೋಡಿ. ಎಚ್‌ಸಿಟಿ116 ಅನ್ನುವ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಎಂಎಲ್‌ಎಚ್1 ಹೋಗಿರುವುದು ಜೀನಿನ ಒಳಗಿನ ತಪ್ಪಿನಿಂದ, ಮಿಥೈಲೇಷನ್‌ನಿಂದ ಅಲ್ಲ. ಆರ್‌ಕೆಒ ಪಕ್ಕದಲ್ಲಿ ಇಟ್ಟು ಹೋಲಿಸಲು ಒಳ್ಳೆಯದು.

ಈಗಾಗಲೇ ಮಾಡಿದ ಕ್ರಿಸ್ಪರ್‌ಐ (ಡಿಕ್ಯಾಸ್9-ಕ್ರ್ಯಾಬ್ ಹಾಕಿದ) ಕೋಶಗಳನ್ನು ಎಸೆಯಬೇಡಿ. ಅವಕ್ಕೆ ಬೇರೆ ಪ್ರೊಮೋಟರ್ ಇರುವ ಎಂಎಲ್‌ಎಚ್1 ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡಿದ ಜೀನ್ ಪ್ರತಿ) ಕೊಡಿ, ವೈರಸ್ ಮೂಲಕ. ಅವು 6-ಥಯೋಗ್ವಾನಿನ್‌ಗೆ ಮತ್ತೆ ಸಾಯಲು ಶುರು ಮಾಡಿದರೆ, ಬದುಕುತ್ತಿದ್ದದ್ದು ಎಂಎಲ್‌ಎಚ್1 ಇಲ್ಲದ್ದರಿಂದ, ಇಪಿಎಂ2ಎಐಪಿ1ರಿಂದ ಅಲ್ಲ ಅಂತ ತೋರಿಸಬಹುದು. ಹಾಗೆ ನೋಡಿದರೆ ನಿಮ್ಮ ಡೇಟಾ ಹಾಳಾಗಿಲ್ಲ, ಒಂದು ಕಂಟ್ರೋಲ್ ಬಾಕಿ ಇದೆ.


ಪಿಪೆಟ್‌ರಾಣಿ:

ಎಸ್‌ಐಆರ್‌ಎನ್‌ಎ ಈ ವಾರವೇ ಆರ್ಡರ್ ಮಾಡುತ್ತೇನೆ. ಸಿಡಿಎನ್‌ಎ ಪಕ್ಕದ ಲ್ಯಾಬ್‌ನಲ್ಲಿ ಇದೆ, ಕೇಳಬೇಕು. ಕಟ್ಟ ಕಡೆಯದಾಗಿ ಒಂದು. ಇಪಿಎಂ2ಎಐಪಿ1ಗೆ ಆರ್‌ಎನ್‌ಎ ಮಟ್ಟ ಅಳೆಯುವ ಕ್ಯೂಪಿಸಿಆರ್ ಪ್ರೈಮರ್ ಹೊಸದಾಗಿ ಮಾಡಬೇಕು. ಯಾವಾಗಲೂ ಎರಡು ಎಕ್ಸಾನ್‌ಗಳ ನಡುವೆ ಇಡಿ ಅಂತ ಸಾಫ್ಟ್‌ವೇರ್‌ಗೆ ಹೇಳುತ್ತೇನೆ. ಇದಕ್ಕೆ ಏನೂ ಸಿಗುತ್ತಿಲ್ಲ, ಪದೇ ಪದೇ ಎರರ್ ಬರುತ್ತಿದೆ.


ಹಳೇ ಈಸ್ಟು:

ಎರಡನೇ ಎಕ್ಸಾನ್ ಇದ್ದರೆ ತಾನೇ ಸಿಗುವುದು! ಆ ಜೀನಿಗೆ ಇಂಟ್ರಾನ್ (ಎಕ್ಸಾನ್‌ಗಳ ನಡುವೆ ಇದ್ದು ಕತ್ತರಿಸಿ ಹೋಗುವ ತುಂಡು) ಇಲ್ಲ. ಇಡೀ ಜೀನ್ ಒಂದೇ ಎಕ್ಸಾನ್. ಆದ್ದರಿಂದ ನಿಮ್ಮ ಆರ್‌ಎನ್‌ಎಯಲ್ಲಿ ಚೂರು ಜೀನೋಮಿಕ್ ಡಿಎನ್‌ಎ ಸೇರಿದ್ದರೂ ಅದನ್ನೇ ಹಿಡಿದು, ಜೀನ್ ನಡೆಯುತ್ತಿದೆ ಅಂತ ತೋರಿಸುತ್ತದೆ. ನಿಜವಾಗಿ ಇಳಿದಿದ್ದರೂ ಇಳಿದ ಹಾಗೆ ಕಾಣುವುದಿಲ್ಲ. ಡಿಎನ್‌ಎ ಕರಗಿಸುವ ಡಿಎನ್‌ಏಸ್ ಹಾಕುವುದನ್ನು ತಪ್ಪಿಸಬೇಡಿ. ಪ್ರತಿ ಸ್ಯಾಂಪಲ್‌ಗೂ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡುವ ಕಿಣ್ವ) ಹಾಕದ ಒಂದು ಟ್ಯೂಬ್ ಜೊತೆಗೇ ಓಡಿಸಿ. ಆ ಟ್ಯೂಬಿನಲ್ಲೂ ಸಿಗ್ನಲ್ ಬೇಗ ಬಂದರೆ ಮೊದಲು ಆರ್‌ಎನ್‌ಎಯನ್ನೇ ಮತ್ತೆ ತೆಗೆಯಿರಿ.